ದೊಡ್ಡದು ಮಾಡಿದ್ದು ಯಾರು

ನಮ್ಮ ಪೊನ್ನಮ್ಮ ಚಿಕ್ಕಮ್ಮನದು ಕೆಟ್ಟ ಬಾಯಿ ಎಂದು ತಮಿಳುನಾಡಿನ ಮಡತ್ತುಕುಳಂ ಸುತ್ತಮುತ್ತಲಿನ ನಮ್ಮ ಜನ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. ಮದುವೆ ಮನೆಯಲ್ಲಿ ಹೇಳಿದರು, ತಿಥಿ ಮನೆಯಲ್ಲಿ ಹೇಳಿದರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿದರು. ಅವಳ ಎದುರು ನಿಂತು ಹೇಳುವ ಎದೆ ಮಾತ್ರ ಒಬ್ಬರಿಗೂ ಇರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ, ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು.

ಪೊನ್ನಮ್ಮ ನನ್ನ ತಾಯಿಯ ತಂಗಿ. ನಮ್ಮದು ಹೊರಗೆ ತಮಿಳು, ಮನೆಯೊಳಗೆ ಕನ್ನಡ ಆಡುವ ಬೇಸಾಯದ ಜನ. ಎಷ್ಟು ತಲೆಮಾರಿನ ಹಿಂದೆ ಇಲ್ಲಿಗೆ ಬಂದೆವೆಂದು ಯಾರಿಗೂ ಗೊತ್ತಿಲ್ಲ. ಕನ್ನಡ ಅಕ್ಷರ ಬಲ್ಲವರನ್ನು ಹುಡುಕಬೇಕು, ಆದರೆ ಹಳೆಯ ಮಾತುಗಳನ್ನು ಮಾತ್ರ ಮಡಿ ಬಟ್ಟೆಯ ಹಾಗೆ ಎತ್ತಿಟ್ಟುಕೊಂಡಿದ್ದೇವೆ. ಅದರಲ್ಲೂ ಚಿಕ್ಕಮ್ಮ ಸೇರಿದ ಮನೆಯ ಅತ್ತೆ ವಳ್ಳಿಯಮ್ಮನ ಕಟ್ಟುನಿಟ್ಟು ಕೇಳಬೇಡಿ. ಆ ಮನೆಯಲ್ಲಿ ಯಾರೂ 'ಹೋಗ್ತೀನಿ' ಅನ್ನುವಂತಿರಲಿಲ್ಲ, 'ಬರ್ತೀನಿ' ಅನ್ನಬೇಕು. ಅಕ್ಕಿ ಮುಗಿದರೆ 'ಅಕ್ಕಿ ತುಂಬಿದೆ' ಅನ್ನಬೇಕು. ದೀಪವನ್ನಂತೂ ಆರಿಸು ಎಂದುಬಿಟ್ಟರೆ ಮುಗಿಯಿತು, ಮುದುಕಿ ಅವತ್ತೆಲ್ಲ ಊಟ ಬಿಡುತ್ತಿದ್ದಳು. ದೀಪ ಆರಿಸಬೇಕಾದರೆ 'ದೀಪ ದೊಡ್ಡದು ಮಾಡು' ಎನ್ನಬೇಕು. ಇದು ಕನ್ನಡದ ಮನೆಗಳಲ್ಲಿ ಇರುವ ಮಾತೇ, ಹೊಸದೇನಲ್ಲ. ಆದರೆ ಊರಿಗೆ ಕರೆಂಟು ಬಂದಾಗ ವಳ್ಳಿಯಮ್ಮ ಅದೇ ಮಾತನ್ನು ಎತ್ತಿ ಬಲ್ಬಿಗೂ ಹಚ್ಚಿದಳು, ಫ್ಯಾನಿಗೂ ಹಚ್ಚಿದಳು, ಹೊಲದ ಮೋಟಾರಿಗೂ ಹಚ್ಚಿದಳು. ಏನನ್ನು ನಿಲ್ಲಿಸಬೇಕಾದರೂ 'ದೊಡ್ಡದು ಮಾಡು'.

ಒಮ್ಮೆ ಸೂಲೂರಿನಿಂದ ಬಂದ ನೆಂಟರೊಬ್ಬರಿಗೆ, ಚಳಿಯಾಗುತ್ತಿದೆ, ಫ್ಯಾನು ದೊಡ್ಡದು ಮಾಡಪ್ಪಾ ಎಂದಳಂತೆ. ಅವರು ಪಾಪ ಎದ್ದು ಪೂರ್ತಿ ತಿರುಗಿಸಿ ಬಂದು ಕೂತರು. ಮುದುಕಿ ಮತ್ತೆ ಅಂದಳು, ಅವರು ಇನ್ನು ತಿರುಗುವುದಿಲ್ಲ ಆತ್ತಾ ಎಂದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇದ್ದವಳು ಚಿಕ್ಕಮ್ಮ ಒಬ್ಬಳೇ.

"ಇವತ್ತು ಫ್ಯಾನು ಅತ್ತೆ. ನಾಳೆ ಬೇರೇನಾದ್ರೂ ಆದ್ರೆ?" ಎಂದಳು.

"ಒಳ್ಳೇ ಮಾತಿಂದ ಯಾರಿಗೂ ಕೇಡಾಗಲ್ಲ, ಪೊನ್ನಿ" ಎಂದಳು ಮುದುಕಿ.

ಚಿಕ್ಕಮ್ಮನ ಗಂಡ ಮಾರಪ್ಪನ್ ಲೈನ್‌ಮ್ಯಾನ್. ಮೆತ್ತಗಿನ ಮನುಷ್ಯ, ಯಾರು ಕರೆದರೂ ಇಲ್ಲ ಅನ್ನಲಾರ. ಕೆಲಸದಲ್ಲಿ ಮಾತ್ರ ಬಹಳ ಹುಷಾರು. ತಂತಿ ಮುಟ್ಟುವ ಮುಂಚೆ ಎಲ್.ಸಿ. ತೆಗೆದುಕೊಳ್ಳಬೇಕು, ಅಂದರೆ ಲೈನ್ ಕ್ಲಿಯರ್. ಈ ಲೈನಿನಲ್ಲಿ ಕರೆಂಟು ನಿಲ್ಲಿಸಿದ್ದೇವೆ, ನೀನು ಇಳಿದು ಬಂದು ಹೇಳುವವರೆಗೆ ಬಿಡುವುದಿಲ್ಲ ಎಂದು ಆಫೀಸಿನವರು ಕೊಡುವ ಒಪ್ಪಿಗೆ ಅದು. ಆಮೇಲೆ ಬೆಲ್ಟು. ಆಮೇಲೆ ತಂತಿಗೆ ಸರಪಳಿ ಹಾಕಿ ಭೂಮಿಗೆ ಸೇರಿಸುವುದು. ಯಾರಾದರೂ ತಪ್ಪಿ ಕರೆಂಟು ಬಿಟ್ಟರೂ ಅದು ನೆಲಕ್ಕೆ ಇಳಿದುಹೋಗಲಿ ಎಂದು. ಇದನ್ನೆಲ್ಲ ಅವರು ಊಟಕ್ಕೆ ಕೂತಾಗ ಹೆಂಡತಿಗೆ ಹೇಳುತ್ತಿದ್ದರು. ಅವಳು ಕೇಳಿ ಸುಮ್ಮನಿರುವ ಹೆಂಗಸೇ? ಅವರು ಸೈಕಲ್ ಹತ್ತುವಾಗ ಬೇರೆ ಹೆಂಡತಿಯರು ಬೇಗ ಬನ್ನಿ ಅನ್ನುತ್ತಾರೆ, ಇವಳು "ಎಲ್.ಸಿ. ತಗೋ ಮಾವ" ಅನ್ನುತ್ತಿದ್ದಳು. ಗಂಡನನ್ನು ಮಾವ ಎಂದು ಕರೆಯುವುದು ನಮ್ಮಲ್ಲಿ ವಾಡಿಕೆ.

ಊರಿನಲ್ಲೂ ಅವಳದೇ ಕಾವಲು. ತಂತಿಯ ಕೆಳಗೆ ಕಬ್ಬಿಣದ ಪೈಪು ಹಿಡಿದು ನುಗ್ಗೆಕಾಯಿ ಕೀಳುತ್ತಿದ್ದ ಪಕ್ಕದ ಮನೆಯವನನ್ನು ಸಾರಿನ ಸೌಟು ಹಿಡಿದುಕೊಂಡೇ ಅಟ್ಟಿಸಿಕೊಂಡು ಹೋಗಿದ್ದಳು. ಕಂಬವನ್ನು ನೆಲಕ್ಕೆ ಬಿಗಿದ ಎಳೆತಂತಿಗೆ ಎಮ್ಮೆ ಕಟ್ಟಿದವರ ಎಮ್ಮೆಯನ್ನು ಬಿಚ್ಚಿ ಹೊಡೆದುಬಿಡುತ್ತಿದ್ದಳು, ಎಮ್ಮೆ ಎಲ್ಲಿಗಾದರೂ ಹೋಗಲಿ. ಬಟ್ಟೆ ಒಣಗಹಾಕಿದರೆ ಬಟ್ಟೆ ಕೆಸರಿಗೆ ಬೀಳುತ್ತಿತ್ತು. "ಸಾಯ್ತೀರ, ಗೊತ್ತಾ? ಸಾಯ್ತೀರ" ಎಂದು ಬೀದಿಯಲ್ಲಿ ನಿಂತು ಕೂಗುತ್ತಿದ್ದಳು. ಸಾಯುವ ಮಾತು ಇಷ್ಟು ಸಲೀಸಾಗಿ ಬರುವ ಬಾಯಿ ಕೆಟ್ಟ ಬಾಯಿ ಎಂದು ಊರು ಆಗಲೇ ತೀರ್ಮಾನ ಮಾಡಿಯಾಗಿತ್ತು.

ಎಂಬತ್ತಮೂರನೇ ಇಸವಿಯ ಬೇಸಿಗೆ. ನಾನು ಕೊಯಮತ್ತೂರಿನ ಕಾಲೇಜಿಗೆ ರಜೆ ಬಿಟ್ಟದ್ದರಿಂದ ಅಲ್ಲಿಗೆ ಹೋಗಿದ್ದೆ. ಅದೊಂದು ಭಾನುವಾರ, ಮಾರಪ್ಪನ್ ಚಿಕ್ಕಪ್ಪನಿಗೆ ರಜೆ. ಬೆಳಿಗ್ಗೆಯೇ ಅವರ ಅಣ್ಣ ರಂಗಸಾಮಿ ಬಂದು ಜಗುಲಿಯಲ್ಲಿ ಕೂತರು. ಅವರ ಬಾವಿಯ ಹತ್ತಿರದ ಕಂಬದಲ್ಲಿ ಒಂದು ತಂತಿಯ ಜೋಡಣೆ ಸುಟ್ಟುಹೋಗಿ ಮೋಟಾರು ಮುಲುಗುತ್ತಿತ್ತು, ತಿರುಗುತ್ತಿರಲಿಲ್ಲ. ಕಬ್ಬಿಗೆ ನೀರಿಲ್ಲ.

"ನಾಳೆ ಆಫೀಸಿಗೆ ಹೇಳಿ ಮಾಡ್ತೀನಣ್ಣ" ಎಂದರು ಚಿಕ್ಕಪ್ಪ.

"ನಾಳೆನಾ? ಒಂದು ತಂತಿ ಸುತ್ತೋ ಕೆಲಸ. ನಮ್ಮ ಟ್ರಾನ್ಸ್‌ಫಾರ್ಮರು, ನಮ್ಮ ಕಂಬ. ಹಿಡಿ ಎಳೆಯೋಕೆ ನಮ್ಮ ಕಾಳಿಯಪ್ಪನ್ ಇದ್ದಾನೆ. ಇದಕ್ಕೂ ನಿನಗೆ ಎಲ್.ಸಿ. ಬೇಕಾ?"

ಚಿಕ್ಕಮ್ಮ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಬೇಕು ಭಾವ. ಎಲ್.ಸಿ. ಇಲ್ಲ, ಸರಪಳಿ ಇಲ್ಲ, ಸಾಮಾನೆಲ್ಲ ಆಫೀಸಲ್ಲಿದೆ. ಹತ್ಬೇಡ ಮಾವ. ಹತ್ತಿದ್ರೆ ಸತ್ತೋಗ್ತೀಯ."

ವಳ್ಳಿಯಮ್ಮ ಎರಡೂ ಕಿವಿ ಮುಚ್ಚಿಕೊಂಡಳು. "ಹೊರಡೋ ಹೊತ್ತಲ್ಲಿ ಇವಳ ಬಾಯಿಗೆ..." ಎಂದು ಮುಂದಿನದನ್ನು ನುಂಗಿಕೊಂಡಳು. ಕೆಟ್ಟ ಮಾತು ಆಡಬಾರದಲ್ಲ! ರಂಗಸಾಮಿ ತಮ್ಮನ ಮುಖವನ್ನೇ ನೋಡುತ್ತ ಕೂತರು. ಅಣ್ಣನಿಗೆ ಇಲ್ಲ ಅನ್ನಲಾರದ ಆ ಮನುಷ್ಯ ಎದ್ದು ಮನೆಯಲ್ಲಿದ್ದ ಹಳೆಯ ಬೆಲ್ಟು, ಇಕ್ಕಳ ತೆಗೆದುಕೊಂಡು ಹೊರಟೇಬಿಟ್ಟರು.

ಜಾಗ ಹೇಗಿದೆ ಎಂದು ಹೇಳಿಬಿಡುತ್ತೇನೆ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಕಬ್ಬಿಣದ ಒಂದು ಹಿಡಿ ಇದೆ. ಕೆಳಕ್ಕೆ ಎಳೆದರೆ ಕರೆಂಟು ನಿಲ್ಲುತ್ತದೆ, ಮೇಲಕ್ಕೆ ತಳ್ಳಿದರೆ ಬರುತ್ತದೆ. ಅಲ್ಲಿಗೂ ಬಾವಿಯ ಕಂಬಕ್ಕೂ ನಡುವೆ ಆಳೆತ್ತರದ ಕಬ್ಬು. ಅಲ್ಲಿ ನಿಂತವರಿಗೆ ಇಲ್ಲಿಯವರು ಕಾಣುವುದಿಲ್ಲ, ಕೂಗಿದರೆ ಕೇಳುತ್ತದೆ ಅಷ್ಟೆ. ಹಿಡಿಯ ಹತ್ತಿರ ನಿಂತವನು ಕಾಳಿಯಪ್ಪನ್. ತಮಿಳಿನವನು, ಸೂಲೂರಿನ ಆಚೆಯಿಂದ ಬಂದು ಕೆಲಸಕ್ಕೆ ಸೇರಿ ತಿಂಗಳು ಆಗಿತ್ತೋ ಇಲ್ಲವೋ. ನಮ್ಮ ಮನೆಮಾತನ್ನು ಅಲ್ಲೊಂದು ಇಲ್ಲೊಂದು ಕಲಿತುಕೊಳ್ಳುತ್ತಿದ್ದ. ನಡುವೆ ಕಬ್ಬಿನ ಬದುವಿನ ಮೇಲೆ ಕೂಗಿ ಹೇಳುವುದಕ್ಕೆ ನಿಂತವಳು ವಳ್ಳಿಯಮ್ಮ. ಮಗ ಕಂಬ ಹತ್ತುತ್ತಾನೆಂದು ತಾನೇ ಬಂದು ನಿಂತಿದ್ದಳು. ಬಾವಿಯ ಕಟ್ಟೆಯ ಮೇಲೆ ರಂಗಸಾಮಿ. ನಾನು ಮಜ್ಜಿಗೆ ಚೊಂಬು ಹಿಡಿದುಕೊಂಡು ಅವರ ಹಿಂದೆ.

ಕಾಳಿಯಪ್ಪನ್ ಹಿಡಿ ಎಳೆದಿದ್ದ. ಸರಿಯಾಗಿಯೇ ಎಳೆದಿದ್ದ. ಚಿಕ್ಕಪ್ಪ ಹತ್ತಿದರು, ಬೆಲ್ಟು ಹಾಕಿಕೊಂಡರು. ಅಷ್ಟಕ್ಕೆ ತಂತಿ ಮುಟ್ಟಿದ್ದರೆ ಇವತ್ತಿಗೂ ಇರುತ್ತಿದ್ದರು. ಆದರೆ ಹುಷಾರಿನ ಮನುಷ್ಯ ನೋಡಿ, ಮುಟ್ಟುವ ಮುಂಚೆ ಇನ್ನೊಂದು ಸಲ ಕೇಳಿದರು.

"ಅವ್ವಾ, ಆಫ್ ಆಗಿದ್ಯಾ ಅಂತ ಕೇಳು."

ವಳ್ಳಿಯಮ್ಮ ಕಬ್ಬಿನ ಕಡೆ ತಿರುಗಿ ಗಂಟಲು ಬಿಟ್ಟು ಕೂಗಿದಳು. "ಕಾಳಿಯಪ್ಪಾ, ದೊಡ್ಡದ್ ಮಾಡಿದ್ಯಾ?"

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಕಾಳಿಯಪ್ಪನ್ ದನಿ ಬಂತು. "ಇದೋ ಆಚ್ಚು ಆತ್ತಾ!"

"ಆಯ್ತಂತೆ ಮಗಾ" ಎಂದಳು ತಾಯಿ.

ಚಿಕ್ಕಪ್ಪ ಕೈ ಚಾಚಿದರು. ಆಮೇಲೆ ಆದದ್ದನ್ನು ನಾನು ವಿವರಿಸುವುದಿಲ್ಲ. ಬೆಲ್ಟು ಅವರನ್ನು ಬೀಳದ ಹಾಗೆ ಹಿಡಿದುಕೊಂಡಿತ್ತು, ಅವರು ಮೇಲೆಯೇ ಉಳಿದರು. ರಂಗಸಾಮಿ ತಮ್ಮಾ ಎಂದು ಕಿರುಚಿ ಕಂಬ ಹತ್ತುವುದಕ್ಕೆ ಓಡಿದರು.

ಆ ಹೊತ್ತಿಗೆ ಊಟದ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದ ಚಿಕ್ಕಮ್ಮ ಬುಟ್ಟಿ ಬಿಸಾಕಿ ಬಂದು ಅಡ್ಡ ನಿಂತಳು. ಗಂಡನನ್ನು ಒಂದು ಸಲ ತಲೆಯೆತ್ತಿ ನೋಡಿದಳು. ಭಾವನ ರಟ್ಟೆ ಹಿಡಿದು ನೆಲಕ್ಕೆ ತಳ್ಳಿದಳು. "ಮುಟ್ಟಬೇಡಿ! ಯಾರೂ ಮುಟ್ಟಬೇಡಿ!" ಎಂದವಳೇ ಗಂಡನನ್ನು ಹಾಗೆಯೇ ಬಿಟ್ಟು ಕಬ್ಬಿನೊಳಕ್ಕೆ ನುಗ್ಗಿ ಓಡಿದಳು. ಗರಿ ತಾಗಿ ಮುಖ, ಕೈಯೆಲ್ಲ ಗೀರಿ ರಕ್ತ. ಹಿಡಿಯನ್ನು ತಾನೇ ಎಳೆದು ವಾಪಸು ಓಡಿ ಬಂದು, ಈಗ ಇಳಿಸಿ ಎಂದಳು. ಇಳಿಸಿದರು. ಅವರು ಹೋಗಿಯಾಗಿತ್ತು.

ಆ ಕಂಬ ಹತ್ತಿದ್ದರೆ ರಂಗಸಾಮಿಯೂ ಹೋಗುತ್ತಿದ್ದರು. ಅವರ ಪ್ರಾಣ ಉಳಿಸಿದ್ದಕ್ಕೆ ಅವರು ಕೊಟ್ಟ ಉಡುಗೊರೆ ಏನು ಗೊತ್ತೇ? ಗಂಡ ಮೇಲೆ ನೇತಾಡುತ್ತಿದ್ದರೆ ಹೆಂಡತಿ ಬೆನ್ನು ತಿರುಗಿಸಿ ಓಡಿದಳು ಎಂಬ ಮಾತು. ಮೂರನೇ ದಿನ ನೆಂಟರೆಲ್ಲ ಅಂಗಳದಲ್ಲಿ ಕೂತಿದ್ದಾಗ ಅದನ್ನು ಅವರೇ ಹೇಳಿದರು. ಹೇಳಿ ಮುಂದುವರಿಸಿದರು. "ಹೊರಡೋ ಹೊತ್ತಿಗೆ ಸತ್ತೋಗ್ತೀಯ ಅಂದ್ಳು. ನಾವೆಲ್ಲಾ ಕೇಳಿದ್ವಿ. ಅವಳ ಬಾಯಿ ಹಾಗೇ ಫಲಿಸ್ತು."

ತಲೆಗಳು ಆಡಿದವು. ಹೌದು ಹೌದು ಎಂದವು. ಎಲ್.ಸಿ. ಬೇಡ ಅಂದವರು ಯಾರು ಎಂದು ಒಂದು ತಲೆಯೂ ಕೇಳಲಿಲ್ಲ. ವಿದ್ಯುತ್ ಆಫೀಸಿನವರು ಬಂದು, ರಜೆ ದಿನ ಒಪ್ಪಿಗೆ ಇಲ್ಲದೆ ಹತ್ತಿದ್ದಾರೆ ಎಂದು ಬರೆದುಕೊಂಡು ಹೋಗಿದ್ದರು. ಅದು ಸುಳ್ಳಲ್ಲ. ಕಾಳಿಯಪ್ಪನ್‌ನನ್ನು ರಂಗಸಾಮಿ ಅವತ್ತೇ ಕೆನ್ನೆಗೆ ಬಾರಿಸಿ ಓಡಿಸಿದ್ದರು. ಚಿಕ್ಕಮ್ಮ ಆಳು ಕಳಿಸಿ ಅವನನ್ನು ಅದೇ ಅಂಗಳಕ್ಕೆ ಕರೆಸಿದಳು. ಎಲ್ಲರ ಮುಂದೆ ತಮಿಳಿನಲ್ಲಿ ಕೇಳಿದಳು, ನೀನು ಎಳೆದ ಹಿಡಿಯನ್ನು ಮತ್ತೆ ಯಾಕೆ ಮೇಲಕ್ಕೆ ತಳ್ಳಿದೆ?

ಅವನು ತಮಿಳಿನಲ್ಲೇ ಹೇಳಿದ. "ಆತ್ತಾ ದೊಡ್ಡದ್ ಮಾಡಿದ್ಯಾನ್ನು ಕೇಟ್ಟಾಂಗೊ. ದೊಡ್ಡದುನ್ನಾ ಪೆರುಸುದಾನೇ? ಕರೆಂಟು ಪೆರುಸು ಪಣ್ಣ ಸೊಲ್ರಾಂಗೊನ್ನು ಮೇಲೆ ತಳ್ಳಿಟ್ಟೇನ್."

ಅವ್ವ ದೊಡ್ಡದು ಮಾಡಿದೆಯಾ ಎಂದು ಕೇಳಿದರು, ದೊಡ್ಡದು ಎಂದರೆ ದೊಡ್ಡದೇ ತಾನೆ? ಕರೆಂಟನ್ನು ಹೆಚ್ಚು ಮಾಡು ಅನ್ನುತ್ತಿದ್ದಾರೆ ಎಂದುಕೊಂಡು ಮೇಲಕ್ಕೆ ತಳ್ಳಿದೆ. ಅಷ್ಟೇ ಅವನು ಹೇಳಿದ್ದು.

ಅಂಗಳದಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ವಳ್ಳಿಯಮ್ಮ ಗೋಡೆಯ ಕಡೆ ತಿರುಗಿ ಕೂತಳು. ಆಗ ರಂಗಸಾಮಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಆದದ್ದು ಆಗೋಯ್ತು. ಇದನ್ನ ಇನ್ನು ದೊಡ್ಡದ್ ಮಾಡ್ಬೇಡ ಪೊನ್ನಿ."

ಇಂಥ ಮಾತನ್ನು, ಅದೂ ಅದೇ ಮಾತನ್ನು ಆಡಿದ ನಾಲಿಗೆ ಆ ಮನುಷ್ಯನ ಬಾಯಲ್ಲಿ ಹೇಗೆ ಉಳಿಯಿತೋ! ಚಿಕ್ಕಮ್ಮ ಕಾಳಿಯಪ್ಪನ್‌ಗೆ ಊಟ ಹಾಕಿ, ನಾಳೆಯಿಂದ ನನ್ನ ಹೊಲಕ್ಕೆ ಕೆಲಸಕ್ಕೆ ಬಾ ಎಂದಳು. ಅದು ಇನ್ನೊಂದು ಅಪರಾಧವಾಯಿತು.

ಆಮೇಲಿನ ವರ್ಷಗಳಲ್ಲಿ ಅವಳು ಬದುಕಿದ ರೀತಿಯನ್ನು ಎಷ್ಟು ಹೇಳಿದರೂ ಕಡಿಮೆ. ಉಡುಮಲೈಗೆ ಹೋಗಿ ಮುಷ್ಟಿ ಗಾತ್ರದ ಒಂದು ಬೀಗ, ಒಂದು ಗೇಣು ಸರಪಳಿ ಕೊಂಡು ತಂದಳು. ಬೀಗಕ್ಕೆ ಒಂದೇ ಕೀಲಿ. ಅದನ್ನು ಕರಿದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ತಾಳಿ ಇದ್ದ ಜಾಗದಲ್ಲಿ ಕೀಲಿ ನೇತುಹಾಕಿದ್ದಾಳೆ ಎಂದು ಹೆಂಗಸರು ಮೂಗು ಮುರಿದರು. ಆ ಟ್ರಾನ್ಸ್‌ಫಾರ್ಮರಿನ ಲೈನಿನಲ್ಲಿ ಯಾರೇ ಕಂಬ ಹತ್ತಲಿ, ಸುದ್ದಿ ತಿಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಕಾಳಿಯಪ್ಪನ್ ಜತೆ ಬಂದು ನಿಲ್ಲುತ್ತಿದ್ದಳು. ಮೊದಲು ಎಲ್.ಸಿ. ಎಲ್ಲಿ ಎಂದು ಕೇಳುತ್ತಿದ್ದಳು. ಹಿಡಿ ಎಳೆಸಿ, ಅದು ಮೇಲೇಳದ ಹಾಗೆ ಸರಪಳಿ ಸುತ್ತಿ ಬೀಗ ಹಾಕಿಸಿ, ತಾನೇ ಎಳೆದು ನೋಡಿ, ಕೀಲಿಯನ್ನು ಹತ್ತುವವನ ಜೇಬಿಗೆ ಹಾಕಿ, ಕೇರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

"ಕರೆಂಟು ಆರಿಸಿದೆ. ಲೈನು ಸತ್ತಿದೆ. ನೀನು ಇಳಿಯೋ ತನಕ ಯಾರಪ್ಪ ಬಂದ್ರೂ ಎಬ್ಬಿಸಕ್ಕಾಗಲ್ಲ. ಹತ್ತು."

ಅದೇ ಮಾತನ್ನು ತಮಿಳಿನಲ್ಲೂ ಒಂದು ಸಲ. ಕಂಬ ಹತ್ತುವವರು ಅವಳಿಗೆ ಕೈ ಮುಗಿಯುತ್ತಿದ್ದರು. ನಮ್ಮ ಜನ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಶುಭಕಾರ್ಯಗಳಿಗೆ ಕರೆಯುವುದನ್ನು ಬಿಟ್ಟರು. ವಿಧವೆ ಎಂದು ಬಿಟ್ಟಿದ್ದರೂ ನನಗೆ ಸಿಟ್ಟು ಬರುತ್ತಿತ್ತು, ಇವರು ಗಂಡನನ್ನು ಬಾಯಿಂದ ಕೊಂದವಳು ಎಂದು ಬಿಟ್ಟರು. ವಳ್ಳಿಯಮ್ಮ ಅದೇ ಮನೆಯಲ್ಲಿ ಇವಳು ಬಡಿಸಿದ ಅನ್ನ ಉಣ್ಣುತ್ತ, ಆ ಮಾತುಗಳನ್ನು ಕೇಳುತ್ತ, ಒಂದು ದಿನವೂ ಅದು ಹಾಗಲ್ಲ ಎಂದು ಹೇಳಲಿಲ್ಲ. ಬಲ್ಬು ದೊಡ್ಡದು ಮಾಡು ಎನ್ನುವುದನ್ನೂ ಬಿಡಲಿಲ್ಲ.

ಎಂಬತ್ತೇಳರಲ್ಲಿ ಅದೇ ಬಾವಿಯ ಕಂಬದಲ್ಲಿ ತಂತಿ ಕೂರಿಸಿದ ಪಿಂಗಾಣಿ ಗಾಳಿಗೆ ಒಡೆದು ತಂತಿ ಜೋತುಬಿತ್ತು. ಈ ಸಲ ಬಂದವನು ರಂಗಸಾಮಿಯ ಸ್ವಂತ ಮಗ ಈಶ್ವರನ್. ಅವನೂ ಲೈನ್‌ಮ್ಯಾನ್ ಆಗಿ ಆರು ತಿಂಗಳಾಗಿತ್ತು. ಒಳ್ಳೆಯ ಹುಡುಗ. ಎಲ್.ಸಿ. ಇತ್ತು, ಸರಪಳಿ ಇತ್ತು, ಎಲ್ಲವೂ ಇತ್ತು. ಬೀಗ ಕೇಳುವುದಕ್ಕೆ ತಾನೇ ಮನೆಗೆ ಬಂದು, "ಬನ್ನಿ ಚಿಕ್ಕಮ್ಮ" ಎಂದು ಕರೆದ. ನಾನೂ ಆಗ ಅಲ್ಲೇ ಇದ್ದೆ, ಜತೆಗೆ ಹೋದೆ.

ಬಾವಿಯ ಹತ್ತಿರ ರಂಗಸಾಮಿ ಎರಡೂ ಕೈ ಅಗಲಿಸಿ ದಾರಿಗೆ ಅಡ್ಡ ನಿಂತಿದ್ದರು. ವಳ್ಳಿಯಮ್ಮ ನಾಲ್ಕು ವರ್ಷದ ಹಿಂದೆ ನಿಂತಿದ್ದ ಅದೇ ಬದುವಿನ ಮೇಲೆ ಕೋಲೂರಿಕೊಂಡು ನಿಂತಿದ್ದಳು. ಮೊಮ್ಮಗ ಹತ್ತುತ್ತಾನೆಂದರೆ ಅವಳನ್ನು ಮನೆಯಲ್ಲಿ ಇರಿಸುವವರು ಯಾರು?

"ಬೀಗ ಕೊಟ್ಟು ಹೋಗು ಪೊನ್ನಿ. ಹುಡುಗ ಹತ್ತೋವಾಗ ನೀನು ಇಲ್ಲಿರ್ಬೇಡ, ಬಾಯೂ ತೆರೀಬೇಡ. ಏನು ಕೂಗ್ಬೇಕೋ ಅವ್ವ ಕೂಗ್ತಾಳೆ" ಎಂದರು ರಂಗಸಾಮಿ.

ಅವ್ವ ಕೂಗುತ್ತಾಳಂತೆ! ನನಗೆ ಕಲ್ಲೆತ್ತಿ ಹಾಕಬೇಕು ಅನ್ನಿಸಿತು. ಚಿಕ್ಕಮ್ಮ ಬೀಗವನ್ನು ಕಾಳಿಯಪ್ಪನ್ ಕೈಗೆ ಕೊಟ್ಟು ಹಿಡಿಯ ಕಡೆಗೆ ಕಳಿಸಿದಳು. ಅವನು ಹೋಗಿ ಎಳೆದು, ಬೀಗ ಹಾಕಿ, ಕೀಲಿ ತಂದು ಅವಳಿಗೆ ಕೊಟ್ಟ. ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೇರವಾಗಿ ಕಂಬದ ಬುಡಕ್ಕೆ ಹೋಗಿ, ಕಂಬಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು.

"ಸರಿ ಭಾವ, ನಾನು ಬಾಯಿ ತೆರೆಯಲ್ಲ. ಅತ್ತೆ ಹೇಳಲಿ. ಆದ್ರೆ ಏನಾಗಿದ್ಯೋ ಅದನ್ನೇ ಹೇಳ್ಬೇಕು. ಆರಿದೆ, ಸತ್ತಿದೆ. ಅದು ಆ ಬಾಯಲ್ಲಿ ಬರೋವರೆಗೆ ಇವನು ನನ್ನ ದಾಟಿ ಹತ್ತೋದು ಹೇಗೆ ಅಂತ ನೋಡ್ತೀನಿ."

"ಅಂಥಾ ಮಾತು ಅವ್ವ ಆಡಲ್ಲ. ಈ ಜಾಗದಲ್ಲಿ ಮೊದ್ಲೇ ಆಡಲ್ಲ."

"ಈ ಜಾಗದಲ್ಲೇ ಆಡ್ಬೇಕು."

ಈಶ್ವರನ್ ಬೆಲ್ಟು ಬಿಚ್ಚಿ ನೆಲಕ್ಕಿಟ್ಟ. "ಚಿಕ್ಕಮ್ಮ ಏಳೋವರೆಗೆ ನಾನು ಹತ್ತಲ್ಲಪ್ಪ" ಎಂದ. ರಂಗಸಾಮಿ ಮಗನನ್ನು ಬೈದರು, ಚಿಕ್ಕಮ್ಮನನ್ನು ಬೈದರು, ಕಾಳಿಯಪ್ಪನ್‌ನನ್ನೂ ಬಿಡಲಿಲ್ಲ. ಬಿಸಿಲು ಏರುತ್ತಿತ್ತು. ಚಿಕ್ಕಮ್ಮ ಕಣ್ಣು ಎತ್ತದೆ ಕೂತಿದ್ದಳು.

ವಳ್ಳಿಯಮ್ಮ ಬದುವಿನಿಂದ ಇಳಿದಳು. ಕೋಲೂರಿಕೊಂಡು ಕಬ್ಬಿನ ಬದಿಯಲ್ಲಿ ನಡೆದು ಹೋದಳು. ಮನೆಗೆ ಹೊರಟಳು ಎಂದುಕೊಂಡೆ. ಅವಳು ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಿದ್ದಳು. ಕಬ್ಬಿನ ಆಚೆಯಿಂದ ಬೀಗವನ್ನು ಜಗ್ಗುವ ಸದ್ದು ಕೇಳಿತು. ಒಂದು ಸಲ, ಮತ್ತೊಂದು ಸಲ. ಬಹಳ ಹೊತ್ತು ಬಿಟ್ಟು ಅವಳು ಅದೇ ದಾರಿಯಲ್ಲಿ ವಾಪಸು ಬಂದಳು. ಏದುಸಿರು, ಅಂಗೈಗೆಲ್ಲ ತುಕ್ಕು. ಸೊಸೆಯ ಮುಂದೆ ಬಂದು ನಿಂತಳು.

"ಆರೋಗಿದೆ" ಎಂದಳು. ಮೊಮ್ಮಗನ ಕಡೆ ತಿರುಗಿ ಮತ್ತೆ ಹೇಳಿದಳು. "ನಾನೇ ಕೈಯಿಟ್ಟು ನೋಡ್ಬಂದೆ, ಈಶ್ವರಾ. ಸತ್ತೋಗಿದೆ. ಕರೆಂಟು ಸತ್ತೋಗಿದೆ."

ಕಂಬ ಅಲ್ಲೇ ಇತ್ತು, ಆಕಾಶ ಬೀಳಲಿಲ್ಲ. ಇಷ್ಟೇ ಇಷ್ಟು ಮಾತು. ನಾಲ್ಕು ವರ್ಷದ ಹಿಂದೆ ಇದೇ ಬದುವಿನ ಮೇಲೆ ಇದನ್ನು ಆಡಿದ್ದರೆ ಏನು ಕಳೆದುಹೋಗುತ್ತಿತ್ತು? ಚಿಕ್ಕಮ್ಮನೂ ಅದನ್ನೇ ಕೇಳಿದಳು. ತಲೆಯೆತ್ತಿ, ಅತ್ತೆಯ ಮುಖವನ್ನೇ ನೋಡುತ್ತ, "ಅವತ್ತು ಇದೊಂದು ಮಾತು ಸಾಕಿತ್ತಲ್ಲ ಅತ್ತೆ" ಎಂದಳು.

ರಂಗಸಾಮಿ ನಡುವೆ ಬಂದರು. "ಸಾಕು, ಹೇಳಿದ್ರಲ್ಲ, ಏಳು. ಹಳೇದನ್ನೆಲ್ಲ ಮತ್ತೆ ದೊಡ್ಡದ್ ಮಾಡ್ಬೇಡ."

ವಳ್ಳಿಯಮ್ಮ ಕೋಲನ್ನು ಎತ್ತಿ ಮಗನ ಎದೆಗೆ ಒತ್ತಿ ಹಿಂದಕ್ಕೆ ತಳ್ಳಿದಳು. ಅಷ್ಟು ಬಲ ಆ ಕೈಯಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಬಾಯಿ ಮುಚ್ಚು" ಎಂದಳು. "ದೊಡ್ಡದ್ ಮಾಡಿದ್ದು ನಾನು. ಅವಳಲ್ಲ."

ಚಿಕ್ಕಮ್ಮ ಅಳಲಿಲ್ಲ, ಅತ್ತೆಯ ಕೈಯನ್ನೂ ಹಿಡಿಯಲಿಲ್ಲ. ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, ಕೀಲಿಯನ್ನು ಈಶ್ವರನ್ ಜೇಬಿಗೆ ಹಾಕಿ, "ಸರಪಳಿ ಹಾಕಿ ಆಮೇಲೆ ಮುಟ್ಟು, ಹತ್ತು" ಎಂದಳು.